ಬೋಟು ದಡದಲ್ಲಿ, ಗೇಮು ಲ್ಯಾಪ್‌ಟಾಪಿನಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಸ್ವಲ್ಪ ಜಾಗ ಉಳಿದಿತ್ತು. "2023ರಲ್ಲಿ ಬಂದ ವಿಡಿಯೋ ಗೇಮ್‌ಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಕಳಿಸಿ" ಎಂದು ಒಂದು ಸಾಲು ಹಾಕಿದ್ದೆ. ನಾಲ್ಕು ಜನ ಬರೆದರೆ ಪುಣ್ಯ ಅಂದುಕೊಂಡಿದ್ದೆ. ಕಾರವಾರದಿಂದ ಭಟ್ಕಳದ ತನಕ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರದಿಂದ ಕೂಡ ಪ್ರಶ್ನೆಗಳು ಬಂದಿವೆ. ಒಬ್ಬರು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದಿದ್ದಾರೆ, ಅದೂ ಗೇಮ್ ಬಗ್ಗೆ! ಇನ್ನೊಬ್ಬರು ಕಳಿಸಿದ ವಾಯ್ಸ್ ಮೆಸೇಜಿನಲ್ಲಿ ತಗಡಿನ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಏನೂ ಕೇಳುವುದಿಲ್ಲ. ಅವರು ದಯವಿಟ್ಟು ಮಳೆ ನಿಂತ ಮೇಲೆ ಇನ್ನೊಮ್ಮೆ ಕಳಿಸಬೇಕು. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಈಗ ಕೂತುಕೊಂಡು 2023ರ ಗೇಮ್ ಬಗ್ಗೆ ಬರೆಯುತ್ತೀರಲ್ಲ, ಆಮೇಲೆ ಹೊಸದು ಯಾವುದೂ ಬಂದೇ ಇಲ್ವಾ? (ಅಂಕೋಲಾ)

ಉತ್ತರ: ಬಂದಿವೆ, ಬರುತ್ತಲೇ ಇವೆ. ಆದರೆ ನನ್ನ ಜೇಬಿಗೂ ನನ್ನ ಲ್ಯಾಪ್‌ಟಾಪಿಗೂ ಒಂದೆರಡು ವರ್ಷ ಹಳೆಯ ಗೇಮೇ ಸರಿ. ಬಿಡುಗಡೆಯ ದಿನ ದುಡ್ಡು ಕೊಟ್ಟವರು ತಾಪತ್ರಯವನ್ನೆಲ್ಲ ಅನುಭವಿಸಿ ಮುಗಿಸಿರುತ್ತಾರೆ, ಕಂಪನಿಯವರು ತೇಪೆ ಹಾಕಿರುತ್ತಾರೆ, ಬೆಲೆಯೂ ಇಳಿದಿರುತ್ತದೆ. ಮೀನು ಮಾರ್ಕೆಟ್ಟಿಗೆ ಬೆಳಿಗ್ಗೆ ಹೋದರೆ ಒಳ್ಳೆ ಮೀನು, ಸಂಜೆ ಹೋದರೆ ಅಗ್ಗದ ಮೀನು, ಅಲ್ವಾ? ಗೇಮಿನಲ್ಲಿ ಮಾತ್ರ ಸಂಜೆ ಹೋದವನಿಗೆ ಎರಡೂ ಒಟ್ಟಿಗೇ ಸಿಗುತ್ತವೆ.

ಅದೂ ಅಲ್ಲದೆ ಆ ವರ್ಷ ಸುಮ್ನೆ ಬಿಡುವಂಥದ್ದಲ್ಲ. ಫೆಬ್ರುವರಿಯಲ್ಲಿ ಹಾಗ್ವರ್ಟ್ಸ್ ಲೆಗಸಿ ಬಂತು. ಮಾರ್ಚಿನಲ್ಲಿ ರೆಸಿಡೆಂಟ್ ಈವಿಲ್ 4 ಹೊಸ ಅವತಾರದಲ್ಲಿ ಬಂತು. ಮೇನಲ್ಲಿ ಜೆಲ್ಡಾ, ಆಗಸ್ಟಿನಲ್ಲಿ ಬಾಲ್ಡರ್ಸ್ ಗೇಟ್ 3, ಸೆಪ್ಟೆಂಬರಿನಲ್ಲಿ ಸ್ಟಾರ್‌ಫೀಲ್ಡ್. ಅಕ್ಟೋಬರ್ 20ರಂದು ಸ್ಪೈಡರ್‌ಮ್ಯಾನ್ 2 ಮತ್ತು ಸೂಪರ್ ಮಾರಿಯೋ ಬ್ರದರ್ಸ್ ವಂಡರ್ ಒಂದೇ ದಿನ ಬಂದವು, ಅದಾಗಿ ಒಂದು ವಾರಕ್ಕೆ ಅಲನ್ ವೇಕ್ 2. ಯಾರಿಗೆ ಅಷ್ಟು ಪುರಸೊತ್ತು? ಅದೇ ವರ್ಷ ಗೇಮ್ ಕಂಪನಿಗಳು ಸಾವಿರಾರು ಜನರನ್ನು ಕೆಲಸದಿಂದ ತೆಗೆದವು, ಇ3 ಎಂಬ ಅಮೆರಿಕದ ಹಳೆಯ ಗೇಮ್ ಮೇಳ ಡಿಸೆಂಬರಿನಲ್ಲಿ ಶಾಶ್ವತವಾಗಿ ಬಾಗಿಲು ಹಾಕಿತು. ಆಡುವವರಿಗೆ ಹಬ್ಬ, ಮಾಡುವವರ ಮನೆಯಲ್ಲಿ ಸೂತಕ.

ನನ್ನ ಸ್ವಾರ್ಥದ ಕಾರಣ ಇನ್ನೊಂದಿದೆ. ಆ ವರ್ಷದ ಸಣ್ಣ ಗೇಮ್‌ಗಳು ನಮ್ಮ ಅಂಗಳಕ್ಕೇ ಬಂದ ಹಾಗಿದ್ದವು. ಒಂದರಲ್ಲಿ ಮೀನು ಹಿಡಿಯುವುದು, ಒಂದರಲ್ಲಿ ಸಮುದ್ರಕ್ಕೆ ಮುಳುಗುವುದು, ಒಂದರಲ್ಲಿ ಇಡ್ಲಿ ಬೇಯಿಸುವುದು, ಇನ್ನೊಂದರಲ್ಲಿ ಗೊತ್ತಿಲ್ಲದ ಭಾಷೆ ಕಲಿಯುವುದು. ದೊಡ್ಡ ಗೇಮ್‌ಗಳಿಗೆ ಇಡೀ ಲೋಕ ಬೇಕು. ಇವಕ್ಕೆ ಒಂದು ಕೆಲಸ ಸಾಕು. ಆ ಒಂದು ಕೆಲಸ ಸರಿಯಾಗಿ ಗೊತ್ತಿರುವ ಗೇಮ್ ಎಂದರೆ ನನಗೆ ಜಾಸ್ತಿ ಪ್ರೀತಿ. ಈ ಪಕ್ಷಪಾತ ಕೆಳಗಿನ ಉತ್ತರಗಳಲ್ಲೂ ಕಾಣುತ್ತದೆ, ಮೊದಲೇ ಹೇಳಿಬಿಟ್ಟಿದ್ದೇನೆ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ಅಣ್ಣ ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್ ಇದೆ. ಒಂದೇ ಒಂದು ಗೇಮ್ ಹೇಳಿ, ಹತ್ತು ಬೇಡ. (ಕುಮಟಾ)

ಉತ್ತರ: ಡ್ರೆಜ್. ಮಾರ್ಚ್ 30, 2023ಕ್ಕೆ ಬಂದದ್ದು. ನ್ಯೂಜಿಲೆಂಡಿನ ಬ್ಲ್ಯಾಕ್ ಸಾಲ್ಟ್ ಗೇಮ್ಸ್ ಎಂಬ ಪುಟ್ಟ ತಂಡ ಮಾಡಿದ್ದು, ಕೈಬೆರಳಲ್ಲಿ ಎಣಿಸುವಷ್ಟೇ ಜನ.

ನೀವೊಬ್ಬ ಮೀನುಗಾರ. ಗುರುತಿಲ್ಲದ ದ್ವೀಪದ ಊರಿಗೆ ಬಂದು ಸೇರಿದ್ದೀರಿ. ಊರಿನವರು ಒಂದು ಬೋಟು ಕೊಡುತ್ತಾರೆ, ಪುಕ್ಕಟೆ ಅಲ್ಲ, ಸಾಲಕ್ಕೆ. ಹಗಲು ಹೋಗಿ ಮೀನು ಹಿಡಿದು ತಂದು ಮಾರಬೇಕು, ಸಾಲ ತೀರಿಸಬೇಕು. ಇಷ್ಟು ಕೇಳಿದರೆ ನಮ್ಮ ಕರಾವಳಿಯ ಯಾರ ಮನೆಯ ಕಥೆಯೂ ಆಗಬಹುದು. ಗಮ್ಮತ್ತು ಇರುವುದು ಬೋಟಿನ ಹೊಟ್ಟೆಯಲ್ಲಿ. ಅದು ಚೌಕಚೌಕದ ಜಾಗ. ಒಂದೊಂದು ಮೀನಿಗೂ ಒಂದೊಂದು ಆಕಾರ, ತಿರುಗಿಸಿ ಮುರುಗಿಸಿ ಹೊಂದಿಸಿ ಇಡಬೇಕು. ಎಂಜಿನ್ನಿಗೂ ದೀಪಕ್ಕೂ ಅದೇ ಬೋಟಿನಲ್ಲಿ ಜಾಗ ಬೇಕು. ದೊಡ್ಡ ಮೀನು ಸಿಕ್ಕಿದ ಖುಷಿಯಲ್ಲಿ ನೋಡಿದರೆ ಇಡಲು ಜಾಗವೇ ಇಲ್ಲ. ಬಂಡೆಗೆ ತಾಗಿತೋ, ಬೋಟಿಗೆ ಪೆಟ್ಟು, ಆ ಜಾಗದಲ್ಲಿದ್ದ ಮೀನೂ ಹೋಯಿತು. ಹಿಡಿದ ಮೀನು ಹೊತ್ತು ಕಳೆದಂತೆ ಹಳಸುತ್ತದೆ, ಬೆಲೆ ಇಳಿಯುತ್ತದೆ. ಇದನ್ನು ಮಾಡಿದವರು ಯಾವುದೋ ಬಂದರಿನಲ್ಲಿ ನಾಲ್ಕು ಬೆಳಗು ನಿಂತು ನೋಡಿದ್ದಾರೆ ಅಂತ ನನಗೆ ಅನ್ನಿಸಿತು.

ಆಮೇಲೆ ರಾತ್ರಿ. ಕತ್ತಲಾದ ಮೇಲೂ ನೀವು ನೀರಿನಲ್ಲೇ ಇದ್ದರೆ ಗೇಮಿನ ಮೀನುಗಾರ ಹೆದರಲು ಶುರುಮಾಡುತ್ತಾನೆ. ಹಗಲು ಇಲ್ಲದಿದ್ದ ಬಂಡೆ ಎದುರಿಗೆ ಬರುತ್ತದೆ. ದೂರದಲ್ಲಿ ಯಾವುದೋ ದೀಪ, ಹತ್ತಿರ ಹೋದರೆ ಅದು ಬೋಟಿನ ದೀಪ ಅಲ್ಲ. ಬಲೆಗೆ ಬರುವ ಕೆಲವು ಮೀನು ಮೀನಿನ ಹಾಗಿರುವುದಿಲ್ಲ, ಕಣ್ಣು ಇರಬಾರದ ಕಡೆ ಕಣ್ಣು, ಹಲ್ಲು ಇರಬಾರದ ಕಡೆ ಹಲ್ಲು. ರಕ್ತ ಚಿಮ್ಮುವುದಿಲ್ಲ, ಧಡ್ ಎಂದು ಯಾರೂ ಎದುರಿಗೆ ಹಾರುವುದಿಲ್ಲ, ಆದರೂ ಬೆನ್ನು ತಣ್ಣಗಾಗುತ್ತದೆ. ನಾನು ಕೋಡಿಬಾಗದ ಮನೆಯಲ್ಲಿ, ಹೊರಗೆ ಕಾಳಿ ನದಿ ಸಮುದ್ರಕ್ಕೆ ಸೇರುವ ಕಡೆಯಿಂದ ಗಾಳಿ ಹೊಡೆಯುತ್ತಿರುವಾಗ ಆಡಿದವನು. ಒಂದು ರಾತ್ರಿ ಮುಚ್ಚಿಟ್ಟು ಮಲಗಿದ್ದೂ ಉಂಟು. ಹೆದರಿಕೆ ಬೇಡವೇ ಬೇಡ ಅನ್ನುವವರಿಗೆ ಅಂಥ ಪ್ರಾಣಿಗಳು ಮೈಮೇಲೆ ಬರದಂತೆ ಮಾಡುವ ಸೆಟ್ಟಿಂಗನ್ನು ಆಮೇಲೆ ಸೇರಿಸಿದ್ದಾರೆ.

ತಪ್ಪೂ ಇದೆ. ಅರ್ಧ ದಾಟಿದ ಮೇಲೆ ಅಲ್ಲಿಂದ ಅದು ತಾ, ಇಲ್ಲಿಂದ ಇದು ತಾ ಅಂತ ಓಡಾಟ ಜಾಸ್ತಿಯಾಗುತ್ತದೆ. ಬೋಟು ದೊಡ್ಡದಾದಷ್ಟೂ ಹೆದರಿಕೆ ಕಡಿಮೆ. ಮೊದಲ ಮೂರು ಗಂಟೆಯ ರುಚಿ ಕೊನೆಯಲ್ಲಿ ಉಳಿಯುವುದಿಲ್ಲ.

ಭಾರದ ಗೇಮ್ ಅಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಸೆಟ್ಟಿಂಗ್ ಇಳಿಸಿಕೊಂಡು ಆಡಿದೆ. ಅನುಮಾನ ಇದ್ದರೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು ನೋಡಿ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಈ ನಿಯಮ ಗೊತ್ತಿಲ್ಲದೆ ಸುಮ್ನೆ ಕಳೆದುಕೊಂಡವರು ನಮ್ಮಲ್ಲಿ ಬಹಳ.

ಪ್ರಶ್ನೆ: ನನಗೆ 58 ವರ್ಷ. ಮಗ ಸೊಸೆ ಹೊರದೇಶದಲ್ಲಿದ್ದಾರೆ. ಹೋದ ಸಲ ಬಂದಾಗ ಒಂದು ಟ್ಯಾಬು, ಒಂದು ಲ್ಯಾಪ್‌ಟಾಪು ಬಿಟ್ಟುಹೋಗಿದ್ದಾರೆ. ನಮ್ಮಂಥವರು ಆಡುವ ಗೇಮು ಇರುತ್ತದೆಯೋ? ಗುಂಡು ಹೊಡೆಯುವುದು ಬೇಡ. (ಶಿರಸಿ ತಾಲೂಕು)

ಉತ್ತರ: ಇರುತ್ತದೆ ಅಕ್ಕಾ, ನಿಮಗೇ ಅಂತ ಮಾಡಿದ ಹಾಗೆ ಒಂದಿದೆ. ಹೆಸರು ವೆಂಬಾ. ಜುಲೈ 31, 2023ಕ್ಕೆ ಬಂದದ್ದು. ಮಾಡಿದ್ದು ಕೆನಡಾದ ಟೊರೊಂಟೊದ ವಿಸೈ ಗೇಮ್ಸ್.

1980ರ ದಶಕದಲ್ಲಿ ಊರು ಬಿಟ್ಟು ಕೆನಡಾಕ್ಕೆ ಹೋದ ಒಂದು ತಮಿಳು ಸಂಸಾರ. ಅಮ್ಮ ವೆಂಬಾ, ಅಪ್ಪ ಪಾವಲನ್, ಮಗ ಕವಿನ್. ವೆಂಬಾ ಹತ್ತಿರ ತನ್ನ ಅಮ್ಮನ ಅಡುಗೆ ಪುಸ್ತಕ ಇದೆ, ಹರಿದು ಕಲೆಯಾಗಿ ಅರ್ಧ ಅಕ್ಷರ ಅಳಿಸಿಹೋಗಿವೆ. ಉಳಿದ ಸಾಲು ನೋಡಿ, ಉಳಿದದ್ದನ್ನು ಊಹಿಸಿ ನೀವು ಅಡುಗೆ ಮಾಡಬೇಕು. ಮೊದಲ ಪಾಠವೇ ಇಡ್ಲಿ. ಪಾತ್ರೆಯೊಳಗೆ ಇಡ್ಲಿ ತಟ್ಟೆಗಳನ್ನು ಹೇಗೆ ಒಂದರ ಮೇಲೊಂದು ಇಟ್ಟರೆ ಹಬೆ ಎಲ್ಲ ಇಡ್ಲಿಗೂ ಸಿಗುತ್ತದೆ, ಇದೇ ಒಗಟು. ಇದನ್ನು ಬಿಡಿಸಲಾಗದೆ ಅಮೆರಿಕದ ಹುಡುಗರು ತಲೆ ಕೆರೆದುಕೊಂಡದ್ದನ್ನು ಯೂಟ್ಯೂಬಿನಲ್ಲಿ ನೋಡಿ ನಮ್ಮ ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ನೀವು ಅರ್ಧ ನಿಮಿಷದಲ್ಲಿ ಮಾಡುತ್ತೀರಿ.

ಅಡುಗೆ ನಡುವೆ ಮಾತು. ಮಗ ಶಾಲೆಗೆ ಹೋಗುತ್ತಾನೆ, ಅಮ್ಮನ ಡಬ್ಬಿಗೆ ನಾಚುತ್ತಾನೆ, ಅಮ್ಮನ ಭಾಷೆಗೆ ನಾಚುತ್ತಾನೆ, ದೊಡ್ಡವನಾಗಿ ದೂರ ಹೋಗುತ್ತಾನೆ. ಇಷ್ಟೇ. ಒಟ್ಟು ಒಂದೂವರೆ ಗಂಟೆ. ಇಷ್ಟು ಸಣ್ಣದಕ್ಕೆ ಇಷ್ಟು ದುಡ್ಡಾ ಅಂತ ಹೇಳಿದವರಿದ್ದಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ, ಕೊನೆಯ ಭಾಗ ನಿಜಕ್ಕೂ ಅವಸರದಲ್ಲಿ ಓಡಿದೆ. ಆದರೂ 2024ರಲ್ಲಿ ಸ್ವತಂತ್ರ ಗೇಮ್‌ಗಳ ಐಜಿಎಫ್ ಹಬ್ಬದ ದೊಡ್ಡ ಬಹುಮಾನ ಇದಕ್ಕೇ ಸಿಕ್ಕಿತು, ಬ್ರಿಟನ್ನಿನ ಬಾಫ್ಟಾದ ಚೊಚ್ಚಲ ಗೇಮ್ ಪ್ರಶಸ್ತಿಯೂ ಬಂತು.

ಒಂದು ಮಾತು. ಕನ್ನಡ ಇದರಲ್ಲಿ ಇಲ್ಲ, ಇಂಗ್ಲಿಷ್ ಓದಬೇಕು, ಆದರೆ ಸಣ್ಣ ಸಣ್ಣ ಮಾತು, ಕಷ್ಟ ಇಲ್ಲ. ಇನ್ನೊಂದು ಮಾತು, ಒಬ್ಬರೇ ಆಡಬೇಡಿ. ಮಗನ ಜೊತೆ ವಿಡಿಯೋ ಕಾಲ್ ಹಾಕಿಕೊಂಡು ಆಡಿ. ನಿಮ್ಮ ಪತ್ರದ ಕೊನೆಯಲ್ಲಿ "ಅಂವ ಫೋನಿನಲ್ಲಿ ಅಪ್ಪೆಹುಳಿ ಮಾಡುವುದು ಹೇಗೆ ಅಂತ ಕೇಳುತ್ತಾನೆ, ಆದರೆ ಅಲ್ಲಿ ಅಪ್ಪೆಮಿಡಿ ಎಲ್ಲಿ ಸಿಗಬೇಕು" ಅಂತ ಬರೆದಿದ್ದೀರಲ್ಲ. ಆ ಸಾಲು ಓದಿದ ಮೇಲೆ ಈ ಗೇಮಿನ ಬಗ್ಗೆ ನಿಮಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ.

ಪ್ರಶ್ನೆ: ಬಾಲ್ಡರ್ಸ್ ಗೇಟ್ 3 ಅಂತ ಎಲ್ಲರೂ ಕುಣಿಯುತ್ತಾರೆ. ಅದರಲ್ಲಿ ಬರೀ ಮಾತು ಅಂತೆ. ಮಾತು ಕೇಳಲಿಕ್ಕೆ ನಮ್ಮಲ್ಲಿ ತಾಳಮದ್ದಳೆ ಇಲ್ವಾ? (ಹೊನ್ನಾವರ)

ಉತ್ತರ: ತಮಾಷೆಗೆ ಕೇಳಿದ್ದೀರಿ, ಆದರೆ ಅದರ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಿಂತ ನಿಮ್ಮ ಮಾತೇ ಸರಿ. ಅದು ತಾಳಮದ್ದಳೆಯೇ. ಪ್ರಸಂಗ ಇದ್ದದ್ದೇ: ನಿಮ್ಮ ತಲೆಯೊಳಗೆ ರಾಕ್ಷಸರು ಒಂದು ಹುಳ ಬಿಟ್ಟಿದ್ದಾರೆ, ಅದು ಬಲಿತರೆ ನೀವೂ ರಾಕ್ಷಸ, ಅಷ್ಟರೊಳಗೆ ಮದ್ದು ಹುಡುಕಬೇಕು. ದಾರಿಯಲ್ಲಿ ಅದೇ ಕಾಯಿಲೆಯ ನಾಲ್ಕಾರು ಜನ ಜೊತೆ ಸೇರುತ್ತಾರೆ. ಆದರೆ ಯಾರ ಹತ್ತಿರ ಏನು ಮಾತಾಡುತ್ತೀರಿ ಎಂಬುದು ಅರ್ಥಧಾರಿಯ, ಅಂದರೆ ನಿಮ್ಮ, ಕೈಯಲ್ಲಿ. ಬೆದರಿಸಬಹುದು, ಪುಸಲಾಯಿಸಬಹುದು, ಸುಳ್ಳು ಹೇಳಬಹುದು. ಸತ್ತವರ ಹತ್ತಿರ, ಪ್ರಾಣಿಗಳ ಹತ್ತಿರ ಕೂಡ ಮಾತಾಡಬಹುದು. ಪ್ರತಿ ಸಲ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಬಿದ್ದದ್ದು ಒಂದಾದರೆ ನಿಮ್ಮ ಪಾಂಡಿತ್ಯವೆಲ್ಲ ಹೊಳೆಯ ಪಾಲು.

ವ್ಯತ್ಯಾಸ ಒಂದೇ. ನಮ್ಮ ಸಂಧಾನದ ಪ್ರಸಂಗದಲ್ಲಿ ಕೃಷ್ಣ ಎಷ್ಟು ಚೆಂದ ಮಾತಾಡಿದರೂ ಕೌರವ ಒಪ್ಪುವುದಿಲ್ಲ, ಬೆಳಗಾಗುವುದರೊಳಗೆ ಯುದ್ಧ ನಿಶ್ಚಯ. ಇಲ್ಲಿ ಕೌರವ ಒಪ್ಪಿಬಿಡಲೂಬಹುದು. ಒಪ್ಪಿದರೆ ಮುಂದಿನ ಕಥೆಯೂ ಅದಕ್ಕೆ ತಕ್ಕ ಹಾಗೆ ತಿರುಗುತ್ತದೆ. ಬೆಲ್ಜಿಯಮ್ಮಿನ ಲೇರಿಯನ್ ಸ್ಟುಡಿಯೋಸ್‌ನವರು 2020ರ ಅಕ್ಟೋಬರಿನಲ್ಲೇ ಅರ್ಧ ಮಾಡಿದ ಗೇಮನ್ನು ಜನರಿಗೆ ಕೊಟ್ಟು, ಅವರ ಮಾತು ಕೇಳಿ ತಿದ್ದುತ್ತ ಕೂತು, ಆಗಸ್ಟ್ 3, 2023ಕ್ಕೆ ಪೂರ್ತಿ ಬಿಟ್ಟರು. ಆ ವರ್ಷದ ದೊಡ್ಡ ಪ್ರಶಸ್ತಿಗಳನ್ನೆಲ್ಲ ಇದೇ ಬಾಚಿಕೊಂಡು ಹೋಯಿತು. ತಕರಾರಿಲ್ಲ. ಹೊಡೆದಾಟ ಸರದಿಯ ಮೇಲೆ ನಡೆಯುತ್ತದೆ, ಅವಸರ ಇಲ್ಲ, ಯೋಚನೆ ಮಾಡಿ ಹೊಡೆಯಬಹುದು. ಮೂರನೇ ಭಾಗದ ದೊಡ್ಡ ಪಟ್ಟಣದಲ್ಲಿ ಮಾತ್ರ ಕಥೆಯ ಬಿಗಿ ಸಡಿಲಾಗುತ್ತದೆ, ಕಂಪ್ಯೂಟರೂ ಬೆವರುತ್ತದೆ.

ಈಗ ಕಷ್ಟದ ವಿಷಯ. ಡಿಸ್ಕಿನಲ್ಲಿ 150 ಜಿಬಿ ಜಾಗ ಕೇಳುತ್ತದೆ. ಮೊಬೈಲ್ ಪ್ಯಾಕಿನ ದಿನದ 2 ಜಿಬಿಯಲ್ಲಿ ಅಷ್ಟನ್ನು ಇಳಿಸಲು ಹೊರಟರೆ 75 ದಿನ. ನಮ್ಮ ಮಳೆಗಾಲದ ಮೀನುಗಾರಿಕೆ ನಿಷೇಧವೇ 61 ದಿನ! ಫೈಬರ್ ಇದ್ದ ನೆಂಟರ ಮನೆಗೆ ಹೋಗಿ. ಡಿಸ್ಕೂ ಎಸ್‌ಎಸ್‌ಡಿಯೇ ಆಗಬೇಕು, ಅಂದರೆ ಮಾಮೂಲಿಗಿಂತ ವೇಗದ್ದು. ಇದನ್ನು ಕಲಿತದ್ದು ಪೆಟ್ಟು ತಿಂದು. ಒಂದು ಅಂಗಡಿಯವರು ಎಸ್‌ಎಸ್‌ಡಿ ಹಾಕಿದ್ದೇವೆ ಅಂತ ದುಡ್ಡು ತಗೊಂಡು, ಒಳಗೆ ಮಾಮೂಲಿ ಹಾರ್ಡ್ ಡಿಸ್ಕ್ ಕೂರಿಸಿ ಕಳಿಸಿದ್ದರು. ಎರಡು ವರ್ಷ ನನಗೆ ಗೊತ್ತೇ ಆಗಲಿಲ್ಲ. ಈ ಗೇಮ್ ಹಾಕಿದ ದಿನ, ಆಕೃತಿಗಳು ಮೊದಲು ಬಂದು ಅವುಗಳ ಮುಖ ಆಮೇಲೆ ನಿಧಾನಕ್ಕೆ ಬರುವುದನ್ನು ನೋಡಿ ಬಿಚ್ಚಿಸಿದೆ. ಹಾಂ, ಮನೆಯಲ್ಲಿ ಮಕ್ಕಳಿದ್ದರೆ ಹೆಡ್‌ಫೋನ್ ಹಾಕಿ, ಸ್ಕ್ರೀನ್ ಗೋಡೆ ಕಡೆ ತಿರುಗಿಸಿ. ಇದು ದೊಡ್ಡವರ ಗೇಮ್, ಎಲ್ಲ ಅರ್ಥದಲ್ಲೂ.

ಪ್ರಶ್ನೆ: ದುಬೈನಿಂದ ಅಣ್ಣ ನಿಂಟೆಂಡೊ ಸ್ವಿಚ್ ತರುತ್ತಾನೆ. ಇಲ್ಲಿ ನಡೆಯುತ್ತಾ? ಜೆಲ್ಡಾ ತರಿಸಲಾ, ಮಾರಿಯೋ ತರಿಸಲಾ? (ಭಟ್ಕಳ)

ಉತ್ತರ: ನಡೆಯುತ್ತದೆ. ಸ್ವಿಚ್ ಎಂಬ ಈ ಗೇಮ್ ಯಂತ್ರಕ್ಕೆ ದೇಶದ ಬೀಗ ಇಲ್ಲ, ದುಬೈ ಕ್ಯಾಸೆಟ್ಟೂ ಇಲ್ಲಿ ಓಡುತ್ತದೆ. ನಿಂಟೆಂಡೊದವರು ಭಾರತದಲ್ಲಿ ಅದನ್ನು ಅಧಿಕೃತವಾಗಿ ಮಾರದಿರುವುದರಿಂದ ಕೆಟ್ಟರೆ ವಾರಂಟಿ ಕೇಳಲು ಜಾಗ ಇಲ್ಲ ಅಷ್ಟೇ. ಉಪ್ಪುಗಾಳಿಗೆ ಚಾರ್ಜರ್ ಚುಚ್ಚುವ ಜಾಗ ತುಕ್ಕು ಹಿಡಿಯುತ್ತದೆ, ಆಡದಾಗ ಡಬ್ಬಿಯೊಳಗೆ ಇಡಿ.

ಜೆಲ್ಡಾ ತರಿಸಿ. ಟಿಯರ್ಸ್ ಆಫ್ ದಿ ಕಿಂಗ್‌ಡಮ್, ಮೇ 12, 2023. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಹೋಯಿತು. ಅದರಲ್ಲಿ ಒಂದು ಮಾಯದ ಕೈ ಕೊಡುತ್ತಾರೆ, ಮರದ ದಿಮ್ಮಿ, ಚಕ್ರ, ಫ್ಯಾನು, ಹಲಗೆ, ಏನು ಸಿಕ್ಕಿದರೂ ಒಂದಕ್ಕೊಂದು ಅಂಟಿಸಬಹುದು. ನಾನು ಮೊದಲು ಕಟ್ಟಿದ್ದು ದಿಮ್ಮಿ ಜೋಡಿಸಿ ಹಾಯಿ ಹಾಕಿದ ಒಂದು ತೆಪ್ಪ. ತದಡಿಯಿಂದ ಅಘನಾಶಿನಿಗೆ ದಾಟಿಸುವ ದೋಣಿಯವರು ನೋಡಿದ್ದರೆ ಹತ್ತುತ್ತಲೇ ಇರಲಿಲ್ಲ. ನಡುನೀರಿನಲ್ಲಿ ಮಗುಚಿತು. ಎರಡನೇ ಸಲ ಸರಿಯಾಯಿತು. ಕಂಪನಿಯವರು ಯೋಚಿಸಿದ ದಾರಿ ಒಂದಿದ್ದರೆ ನೀವು ಯೋಚಿಸಿದ್ದು ಹತ್ತು, ಹತ್ತೂ ನಡೆಯುತ್ತವೆ, ಅದೇ ಅದರ ದೊಡ್ಡತನ. ಗುಂಡಿಗಳು ಜಾಸ್ತಿ, ಮೊದಲ ನಾಲ್ಕು ಗಂಟೆ ಬೆರಳು ಗೋಜಲಾಗುತ್ತವೆ. ಕತ್ತಿ ಪದೇ ಪದೇ ಮುರಿಯುತ್ತದೆ, ನನಗೆ ಇವತ್ತಿಗೂ ಅದು ಹಿಡಿಸಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಾರಿಯೋವನ್ನೂ ತರಿಸಿ, ನಾಲ್ಕು ಜನ ಒಟ್ಟಿಗೆ ಆಡಬಹುದು.

ಪ್ರಶ್ನೆ: ನೇತ್ರಾಣಿಗೆ ಡೈವಿಂಗ್ ಕರೆದುಕೊಂಡು ಹೋಗುವ ಕೆಲಸ ನನ್ನದು. ಡೇವ್ ದಿ ಡೈವರ್ ಅಂತ ಒಂದಿದೆಯಂತಲ್ಲ, ಅದರಲ್ಲಿ ನಿಜ ಎಷ್ಟು? (ಮುರ್ಡೇಶ್ವರ)

ಉತ್ತರ: ನಿಮಗೆ ನಗು ಬರುವಷ್ಟು ಕಡಿಮೆ. ಹೊಟ್ಟೆ ಬಂದ ಮನುಷ್ಯ, ಹಗಲು ಹಾರ್ಪೂನ್ ಹಿಡಿದು ಸಮುದ್ರದ ಆಳದ ನೀಲಿ ಗುಂಡಿಗೆ ಇಳಿಯುತ್ತಾನೆ, ರಾತ್ರಿ ಅದೇ ಮೀನನ್ನು ಸುಶಿ ಹೋಟೆಲಿನಲ್ಲಿ ಬಡಿಸುತ್ತಾನೆ. ನಿಜದ ಡೈವರ್‌ಗಳ ಹಾಗೆ ಮೇಲೆ ಬರುವಾಗ ನಡುವೆ ನಿಲ್ಲುವುದಿಲ್ಲ, ಒಂದೇ ಉಸಿರಿಗೆ ಬಂದುಬಿಡುತ್ತಾನೆ. ನೀವು ನಿಮ್ಮ ಗಿರಾಕಿಗಳಿಗೆ ಹಾಗೆ ಮಾಡಲು ಬಿಡುತ್ತೀರಾ? ಆಮ್ಲಜನಕವೇ ಅವನ ಪ್ರಾಣದ ಲೆಕ್ಕ, ಶಾರ್ಕು ಕಚ್ಚಿದರೂ ಕಡಿಮೆಯಾಗುವುದು ಅದೇ. ಕೊರಿಯಾದ ಮಿಂಟ್‌ರಾಕೆಟ್‌ನವರು 2023ರ ಜೂನ್ 28ಕ್ಕೆ ಬಿಟ್ಟದ್ದು. ಅದು ನೆಕ್ಸಾನ್ ಎಂಬ ದೊಡ್ಡ ಕಂಪನಿಯ ಕೂಸು. ಆದರೂ ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅದನ್ನು ಸ್ವತಂತ್ರ ಗೇಮ್‌ಗಳ ಪಟ್ಟಿಗೆ ಸೇರಿಸಿದ್ದಕ್ಕೆ ಜಗಳವೂ ಆಯಿತು. ಜಗಳ ನ್ಯಾಯವಾದದ್ದೇ.

ಆದರೆ ಸುಳ್ಳಾದರೂ ಸೊಗಸು. ಮೀನನ್ನು ಹೇಗೆ ಹಿಡಿದಿರಿ ಎಂಬುದರ ಮೇಲೆ ಮಾಂಸದ ಗುಣ, ಗುಣದ ಮೇಲೆ ಹೋಟೆಲಿನ ಸಂಪಾದನೆ. ಒಂದು ಡೈವ್, ಒಂದು ರಾತ್ರಿ ಊಟ, ಇನ್ನೊಂದು ಡೈವ್, ಹೀಗೆ ಮಾಡುತ್ತ ಬೆಳಗಾಗಿಬಿಡುತ್ತದೆ. ಆಮೇಲೆ ಒಂದರ ಮೇಲೊಂದು ಸೇರಿಸುತ್ತ ಹೋಗುತ್ತಾರೆ, ತೋಟ, ಮೀನು ಸಾಕಣೆ, ಕಡಲ ಕೆಳಗಿನ ಊರು, ಒಂದು ಹಂತದಲ್ಲಿ ನನಗೆ ಸಾಕಪ್ಪಾ ಅನ್ನಿಸಿತು. ನಮ್ಮ ಅಮ್ಮ ಸುಶಿ ಭಾಗ ನೋಡುತ್ತ ಕೂತಿದ್ದವಳು ಒಂದೇ ಪ್ರಶ್ನೆ ಕೇಳಿದಳು: "ಅಲ್ಲ, ಮಸಾಲೆನೂ ಇಲ್ಲ, ರವೆನೂ ಇಲ್ಲ, ಹಸಿದೇ ಕೊಟ್ರೆ ಅವರು ದುಡ್ಡೂ ಕೊಡ್ತಾರಾ?" ಉತ್ತರ ನನ್ನ ಹತ್ತಿರ ಇರಲಿಲ್ಲ. ಮಳೆಗಾಲದಲ್ಲಿ ನಿಮ್ಮ ಕೆಲಸ ನಿಂತಿರುತ್ತದಲ್ಲ, ಆಡಿ ನೋಡಿ.

ಪ್ರಶ್ನೆ: ಸ್ಪೈಡರ್‌ಮ್ಯಾನ್ 2, ರೆಸಿಡೆಂಟ್ ಈವಿಲ್ 4, ಸ್ಟಾರ್‌ಫೀಲ್ಡ್, ಅಲನ್ ವೇಕ್ 2. ಒಂದೊಂದಕ್ಕೆ ಎರಡೇ ಸಾಲು. (ದಾಂಡೇಲಿ, ಕಾರವಾರ, ಯಲ್ಲಾಪುರ)

ಉತ್ತರ: ಸ್ಪೈಡರ್‌ಮ್ಯಾನ್: ನ್ಯೂಯಾರ್ಕಿನ ಮೇಲೆ ಹಾರಾಡುವ ಸುಖಕ್ಕೆ ಸಾಟಿ ಇಲ್ಲ, ಕಥೆ ಮಾತ್ರ ಮೊದಲೇ ಗೊತ್ತಾಗುತ್ತದೆ. ಮೊದಲು ಸೋನಿಯ ಪಿಎಸ್5 ಗೇಮ್ ಯಂತ್ರಕ್ಕೆ ಮಾತ್ರ ಇತ್ತು, 2025ರಲ್ಲಿ ಕಂಪ್ಯೂಟರಿಗೂ ಬಂತು. ರೆಸಿಡೆಂಟ್ ಈವಿಲ್ ಮೂಲ 2005ರದ್ದು. ಹಳೆ ಮನೆ ಕೆಡವಿ ಅದೇ ಪಾಯದ ಮೇಲೆ ಹೊಸದು ಕಟ್ಟಿದ ಹಾಗೆ, ಜಗಲಿ ಎಲ್ಲಿತ್ತೋ ಅಲ್ಲೇ ಇದೆ, ಮಾಡು ಸೋರುವುದಿಲ್ಲ. ಮಕ್ಕಳಿಗಲ್ಲ. ಸ್ಟಾರ್‌ಫೀಲ್ಡ್‌ನಲ್ಲಿ ಸಾವಿರಕ್ಕೂ ಜಾಸ್ತಿ ಗ್ರಹಗಳಂತೆ. ನಾನು ಇಪ್ಪತ್ತಕ್ಕೆ ಇಳಿದೆ, ಕಲ್ಲು ನೋಡಿ ವಾಪಸ್ ಬಂದೆ. ಸಾವಿರ ಗ್ರಹಕ್ಕಿಂತ ಯಾಣದ ಎರಡು ಬಂಡೆ ವಾಸಿ. ಅಲನ್ ವೇಕ್ 2 ಮಾಡಿದವರು ಫಿನ್‌ಲೆಂಡಿನ ರೆಮಿಡಿ. ಕಾದಂಬರಿಕಾರ ತಾನೇ ಬರೆದ ಕಥೆಯೊಳಗೆ ಸಿಕ್ಕಿಬಿದ್ದಿದ್ದಾನೆ. ಆ ವರ್ಷದ ಅತಿ ವಿಚಿತ್ರ, ಅತಿ ಚೆಂದದ ಹೆದರಿಕೆ ಇದೇ, ಆದರೆ ಹಳೆ ಗ್ರಾಫಿಕ್ಸ್ ಕಾರ್ಡಿನವರು ಆಸೆಪಡಬೇಡಿ. ಎರಡೇ ಸಾಲು ಅಂದಿದ್ದಿರಿ, ಆಗಲಿಲ್ಲ.

ಯಾರೂ ಕೇಳಿಲ್ಲ, ಆದರೂ ಒಂದು ಸೇರಿಸುತ್ತೇನೆ. ದಿ ಡೇ ಬಿಫೋರ್ ಅಂತ ಒಂದಿತ್ತು. ವರ್ಷಗಟ್ಟಲೆ ಡಂಗುರ ಹೊಡೆದು ಡಿಸೆಂಬರ್ 7ಕ್ಕೆ ಬಂತು. ನಾಲ್ಕು ದಿನಕ್ಕೆ ಕಂಪನಿಯೇ ಮುಚ್ಚಿತು. ಜನರಿಗೆ ದುಡ್ಡು ವಾಪಸ್ ಸಿಕ್ಕಿದ್ದು ಪುಣ್ಯ.

ಪ್ರಶ್ನೆ: ಹೈಸ್ಕೂಲಿನಲ್ಲಿ ಭಾಷೆ ಕಲಿಸುತ್ತೇನೆ. ಮಕ್ಕಳಿಗೆ ತೋರಿಸುವಂಥ ಗೇಮ್ ಯಾವುದಾದರೂ ಇದೆಯೇ? (ಕಾರವಾರ)

ಉತ್ತರ: ಚಾಂಟ್ಸ್ ಆಫ್ ಸೆನಾರ್ ನೋಡಿ ಸರ್. ಫ್ರಾನ್ಸಿನ ರನ್‌ಡಿಸ್ಕ್ ಮಾಡಿದ್ದು, ಸೆಪ್ಟೆಂಬರ್ 5, 2023. ಒಂದು ದೊಡ್ಡ ಗೋಪುರ, ಅಂತಸ್ತಿಗೊಂದು ಜನ, ಜನಕ್ಕೊಂದು ಭಾಷೆ, ಒಟ್ಟು ಐದು. ಯಾವುದೂ ನಮ್ಮ ಲೋಕದ ಭಾಷೆ ಅಲ್ಲ. ಬಾಗಿಲ ಮೇಲಿನ ಬರಹ, ಯಾರೋ ಕೈ ಮಾಡಿ ಹೇಳುವ ಮಾತು, ಗೋಡೆಯ ಚಿತ್ರ ನೋಡಿ ಒಂದೊಂದು ಅಕ್ಷರಕ್ಕೂ ಅರ್ಥ ಊಹಿಸಬೇಕು. ಊಹೆಯನ್ನು ಪುಸ್ತಕದಲ್ಲಿ ಬರೆದಿಡಬೇಕು, ಚಿತ್ರಕ್ಕೆ ಎಲ್ಲ ಸರಿಹೊಂದಿದಾಗ ಗೇಮು ಹೌದು ಅನ್ನುತ್ತದೆ. ಒಂದು ಭಾಷೆಯಲ್ಲಿ ಬಹುವಚನಕ್ಕೆ ಅದೇ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ, ನಾವು ಮನೆ ಮನೆ, ಊರು ಊರು ಅಂದ ಹಾಗೆ. ಇನ್ನೊಂದರಲ್ಲಿ ವಾಕ್ಯದ ಕ್ರಮವೇ ಉಲ್ಟಾ.

ನಮ್ಮ ಮಕ್ಕಳಿಗೆ ಇದು ಸುಲಭ ಅಂತ ನನ್ನ ಅಂದಾಜು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ. ಗೊತ್ತಿಲ್ಲದ ಮಾತನ್ನು ಮುಖ ನೋಡಿ ಊಹಿಸುವುದು ಕಾರವಾರದ ಹುಡುಗರಿಗೆ ಹುಟ್ಟಿನಿಂದಲೇ ಬಂದದ್ದು. ಮುಂದೆ ಹೋದಂತೆ ಒಂದು ಅಂತಸ್ತಿನವರ ಮಾತನ್ನು ಇನ್ನೊಂದು ಅಂತಸ್ತಿನವರಿಗೆ ನೀವೇ ಅನುವಾದಿಸಿ ಹೇಳಬೇಕು, ಅದನ್ನು ಮಾಡಿದಾಗ ಸಿಗುವ ಸುಖವೇ ಬೇರೆ. ನಡುವೆ ಕಾವಲುಗಾರರ ಕಣ್ಣು ತಪ್ಪಿಸಿ ಅಡಗಿ ಓಡುವ ಭಾಗಗಳಿವೆ, ಅವು ಬೋರು. ಅಲ್ಲಿ ನೀವೇ ಆಡಿಬಿಡಿ.

ಪ್ರಶ್ನೆ: ಮಗ 10ನೇ ಕ್ಲಾಸು. ಬಿಜಿಎಂಐ ಬ್ಯಾನ್ ಆದಾಗ ದೇವರಿಗೆ ಕಾಯಿ ಒಡೆಸಿದ್ದೆ, ಮತ್ತೆ ಬಂತಲ್ಲ. ಏನು ಮಾಡುವುದು? (ಸಿದ್ದಾಪುರ)

ಉತ್ತರ: ಮೊಬೈಲಿನಲ್ಲಿ ಗುಂಡು ಹೊಡೆದಾಡುವ ಈ ಗೇಮು 2022ರ ಜುಲೈನಲ್ಲಿ ಹೋಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಮರಳುವಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಅಂತ ಮಿತಿ ಹಾಕಿದರು. ನಿಮ್ಮ ಮಗ ಯಾರ ನಂಬರಿನಿಂದ ಲಾಗಿನ್ ಆಗಿದ್ದಾನೆ, ಮೊದಲು ಅದನ್ನು ನೋಡಿ. ಅಪ್ಪನ ನಂಬರಾದರೆ ಆ 3 ಗಂಟೆಯ ಮಿತಿ ಅವನಿಗೆ ತಾಗುವುದೇ ಇಲ್ಲ.

ಫೋನ್ ಕಸಿದುಕೊಂಡರೆ ಪಕ್ಕದ ಮನೆಗೆ ಹೋಗುತ್ತಾನೆ. ನನಗೆ ತೋಚುವುದು ಒಂದೇ. ಬಿಜಿಎಂಐಯಂಥವು ಮುಗಿಯುವುದಿಲ್ಲ, ಮುಗಿಯದ ಹಾಗೇ ಮಾಡಿರುತ್ತಾರೆ. ಮುಗಿಯುವ ಗೇಮ್ ಕೊಡಿ. ಕಕೂನ್ ಅಂತ ಒಂದಿದೆ, 2023ರ ಸೆಪ್ಟೆಂಬರಿನದ್ದು. ಒಂದು ಹುಳ ಚೆಂಡುಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ಪ್ರತಿ ಚೆಂಡಿನೊಳಗೂ ಒಂದು ಲೋಕ. ಒಂದು ಲೋಕದ ಚೆಂಡನ್ನು ಇನ್ನೊಂದು ಲೋಕದೊಳಗೆ ಹೊತ್ತುಕೊಂಡು ಹೋಗಿ ಒಗಟು ಬಿಡಿಸಬೇಕು. ಒಂದು ಅಕ್ಷರ ಓದಬೇಕಾಗಿಲ್ಲ, ಒತ್ತಲು ಒಂದೇ ಗುಂಡಿ. ಎರಡು ಮೂರು ಸಂಜೆಗೆ ಮುಗಿಯುತ್ತದೆ. ಮುಗಿದಾಗ ಅಂವ ತಾನೇ ಎದ್ದು ಹೋಗುತ್ತಾನೆ. ಗ್ಯಾರಂಟಿ ಕೊಡುವುದಿಲ್ಲ, ಆದರೆ ನನ್ನ ಅಕ್ಕನ ಮಗನ ವಿಷಯದಲ್ಲಿ ನಡೆದಿದೆ.

ಪ್ರಶ್ನೆ: ಅಳಿಯನ ಲ್ಯಾಪ್‌ಟಾಪಿನಲ್ಲಿ ಆ ಮೀನಿನ ಗೇಮು, ಡ್ರೆಜ್ಜು, ಆಡಿದೆ. ಇಪ್ಪತ್ತೆಂಟು ವರ್ಷದಿಂದ ಬೋಟಿನಲ್ಲಿ ಇದ್ದೇನೆ. ಬಂಗಡೆಯನ್ನು ಯಾರಾದರೂ ಒಂದೊಂದೇ ಎಣಿಸಿ ಹಿಡಿಯುತ್ತಾರೇನ್ರೀ? ಹಾಗೆ ರಾತ್ರಿ ಒಬ್ಬನೇ ಹೋಗುವವನಿಗೆ ಹೆಣ್ಣು ಕೊಡುವವರು ಯಾರು? (ಬೈತಖೋಲ)

ಉತ್ತರ: ಒಪ್ಪಿದೆ ಮಾರಾಯ್ರೆ. ನಿಮ್ಮ ಎದುರಿಗೆ ನಾನು ಆ ಗೇಮನ್ನು ಹೊಗಳಿದ್ದೇ ತಪ್ಪು. ಬಂಗಡೆ ಗುಂಪಿಗೆ ಬಲೆ ಸುತ್ತುಹಾಕುವಾಗ ಎಷ್ಟು ಜನ ಬೇಕು, ಎಷ್ಟು ಕೂಗಾಟ, ಯಾರು ಹಗ್ಗ, ಯಾರು ಎಂಜಿನ್, ಅದೆಲ್ಲ ಇಲ್ಲ. ಗೇಮಿನ ಮೀನುಗಾರನಿಗೆ ಜೊತೆಗೊಬ್ಬ ಖಲಾಸಿ ಕೂಡ ಇಲ್ಲ. ಒಬ್ಬನೇ ಇರುವುದಕ್ಕೇ ಹೆದರಿಕೆ, ನಾಲ್ಕು ಜನ ಇದ್ದಿದ್ದರೆ ಬೀಡಿ ಹಚ್ಚಿ ಹರಟೆ ಹೊಡೆಯುತ್ತಿದ್ದರು, ಗೇಮೇ ಆಗುತ್ತಿರಲಿಲ್ಲ. ಒಂದು ಸಮಾಧಾನ, ಸ್ವಲ್ಪ ಮುಂದೆ ಹೋದರೆ ಎಳೆಬಲೆ ಹಾಕಲು ಸಿಗುತ್ತದೆ, ಏಡಿಗೆ ಬೋನೂ ಸಿಗುತ್ತದೆ. ನೀವು ಇನ್ನೂ ಗಾಳದಲ್ಲೇ ಇದ್ದೀರಿ ಅಂತ ಕಾಣುತ್ತದೆ.

ಪತ್ರದ ಹಿಂಬದಿಯಲ್ಲಿ ನೀವು ಬರೆದ ಇನ್ನೊಂದು ಸಾಲನ್ನು ಇಲ್ಲಿ ಹಾಕಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: "ಆದರೂ ಬೋಟಿನ ಸಾಲ ತೀರಿದ ದಿನ ಒಳ್ಳೆ ಖುಷಿ ಆಯ್ತು, ನಿಜದ್ದು ಇನ್ನೂ ತೀರಿಲ್ಲ." ಆಗಸ್ಟ್ 1ಕ್ಕೆ ಬೋಟು ಹೊರಡುತ್ತದಲ್ವಾ? ಅಷ್ಟರೊಳಗೆ ಆಡಿ ಮುಗಿಸಿ, ಲ್ಯಾಪ್‌ಟಾಪು ಅಳಿಯನಿಗೆ ವಾಪಸ್ ಕೊಡಿ. ಅಂವನೂ ಇಲ್ಲಿಗೆ ಒಂದು ಪತ್ರ ಬರೆದಿದ್ದಾನೆ, ಮಾವ ಲ್ಯಾಪ್‌ಟಾಪು ಬಿಡುತ್ತಿಲ್ಲ ಅಂತ.